ಊರಲ್ಲಿ ಯಾರೂ ಇಲ್ಲ ಎಂದವರು ತೊಳೆದಿಟ್ಟ ತಟ್ಟೆ

ಮಾನ್ಯ ಗ್ರಾಮಾಡಳಿತ ಅಧಿಕಾರಿಗಳೇ,

ಈಚೆಗೆ ನನಗೊಂದು ಕೆಟ್ಟ ಕನಸು ಬೀಳುತ್ತಿದೆ. ನಮ್ಮೂರು ಲಾರ್ನ್‌ಬಿಯ ಹಳೆಯ ರೈಲು ನಿಲ್ದಾಣವಿದ್ದ ಜಾಗದ ಹುಲ್ಲಿನಲ್ಲಿ ನಿಂತು ಗೋಧಿ ಹೊತ್ತ ರೈಲಿಗೆ ಕೈ ಬೀಸುತ್ತಿರುತ್ತೇನೆ. ಚಾಲಕ ನನ್ನ ಕಡೆಗೇ ನೋಡುತ್ತಾನೆ, ಆದರೆ ಅವನ ನೋಟ ನನ್ನನ್ನು ಹಾದು ಹಿಂದಿನ ಹೊಲಕ್ಕೆ ಹೋಗುತ್ತದೆ. ಸಿಳ್ಳೆ ಹಾಕುವುದಿಲ್ಲ. ಎಚ್ಚರವಾದ ಕೂಡಲೇ ನನ್ನ ಕೈ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತೇನೆ. ತಮ್ಮ ನೋಟೀಸು ಬಂದ ಮೇಲೆ ಶುರುವಾದ ಕನಸು ಇದು. "ಪರಿಶೀಲನೆಯ ವೇಳೆ ಜನವಸತಿ ಕಂಡುಬಂದಿಲ್ಲ" ಎಂದು ತಾವು ಬರೆದಿದ್ದೀರಿ. ಹಾಗಾಗಿ ಈ ಚಳಿಗಾಲದಿಂದ ನಮ್ಮ ರಸ್ತೆಯ ಹಿಮ ತೆಗೆಯುವ ಯಂತ್ರ ಬರುವುದಿಲ್ಲವಂತೆ. ಅಂದರೆ ನಾವು ಒಳಗೇ ಹೂತುಹೋಗಬೇಕು, ಇಲ್ಲವೇ ಊರು ಬಿಡಬೇಕು. ಬೇರೆ ದಾರಿಯಿದ್ದರೆ ತಾವೇ ಹೇಳಿ.

ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ಬೀಗ ಬಿತ್ತು. ನನ್ನ ಬರಹದಲ್ಲಿ ತಪ್ಪುಗಳಿದ್ದರೆ ಅದರಲ್ಲಿ ಸರ್ಕಾರದ ಪಾಲೂ ಇದೆ ಎಂದು ಭಾವಿಸಿ ಕ್ಷಮಿಸಬೇಕು.

ನಮ್ಮೂರು ಯಾವ ದೊಡ್ಡ ಮನುಷ್ಯನ ಕನಸಿನಿಂದಲೂ ಹುಟ್ಟಿದ್ದಲ್ಲ. ಈ ಬಯಲಲ್ಲಿ ಹೊಗೆಬಂಡಿಗೆ ಬಾಯಾರಿದ ಕಡೆ ನೀರಿನ ತೊಟ್ಟಿ ಇಟ್ಟರು. ತೊಟ್ಟಿಯ ಪಕ್ಕ ಗೋಧಿಯ ಕಣಜ ಎದ್ದಿತು. ಕಣಜದ ನೆರಳಲ್ಲಿ, ಕಡಲಾಚೆಯ ಉಕ್ರೇನಿನಿಂದ ತೊಟ್ಟು ಬಂದ ಕುರಿಯುಣ್ಣೆಯ ಕೋಟು ಬಿಚ್ಚಿ ನಮ್ಮಜ್ಜ ಕೂತರು. ಹೆಸರನ್ನೂ ರೈಲು ಕಂಪನಿಯೇ ಕೊಟ್ಟಿತು. ಲಾರ್ನ್‌ಬಿ ಎಂಬುವನು ಯಾರ ಮಾವನೋ ಇಂದಿಗೂ ಗೊತ್ತಿಲ್ಲ. ಆಮೇಲೆ ಬಂಡಿ ನೀರು ಬಿಟ್ಟು ಎಣ್ಣೆ ಕುಡಿಯುವುದನ್ನು ಕಲಿಯಿತು, ತೊಟ್ಟಿ ಹೋಯಿತು. ಕಣಜ ಕೆಡವಿದರು. ಊರು ಬಡವಾಯಿತು ಎಂದರು, ಚಿಕ್ಕದಾಯಿತು ಎಂದರು. ಇಲ್ಲವೇ ಇಲ್ಲ ಎಂದವರು ತಾವೇ ಮೊದಲು.

ಉಳಿದವರು ಇಬ್ಬರೇ. ಊರ ಆ ತುದಿಯಲ್ಲಿ ಓರೆಸ್ಟ್ ಮಾಮ, ಈ ತುದಿಯಲ್ಲಿ ನಾನು. ಬೆಳಗ್ಗೆ ಅವರ ಹೊಗೆಗೂಡನ್ನು ನಾನು ನೋಡುತ್ತೇನೆ, ನನ್ನದನ್ನು ಅವರು. ಹೊಗೆ ಕಂಡರೆ ಆ ದಿನದ ಮಾತುಕತೆ ಮುಗಿದ ಹಾಗೆ. ನೋಟೀಸು ಬಂದ ದಿನ ಮಾತ್ರ ಮಾಮ ನಡೆದೇ ಬಂದರು.

"ಏನೇ ತೆಕ್ಲಾ, ಸರ್ಕಾರದ ಲೆಕ್ಕದಲ್ಲಿ ನಾವಿಬ್ರೂ ದೆವ್ವ ಆಗೋಗಿದೀವಂತೆ! ದೆವ್ವಕ್ಕೆ ಕಂದಾಯ ಇಲ್ಲ ತಾನೇ?"

"ಸುಮ್ನಿರಿ ಮಾಮ. ದೆವ್ವ ಕಾಲುಜಾರಿ ಬಿದ್ರೆ ಆಂಬುಲೆನ್ಸೂ ಬರಲ್ಲ."

"ಬೀಳೋದು ನಾನು ತಾನೇ? ನೀನ್ಯಾಕೆ ಈಗಲೇ ಅಳ್ತೀಯಾ?"

ನಗಿಸಲು ಬಂದವರು ಚಹಾ ಅರ್ಧಕ್ಕೇ ಬಿಟ್ಟು ಹೋದರು.

ಪರಿಶೀಲನೆ ನಡೆದದ್ದು ಒಂದು ಭಾನುವಾರ. ಭಾನುವಾರವೂ ದುಡಿಯುವ ನೌಕರರು ತಮ್ಮಲ್ಲಿದ್ದಾರೆಂದು ತಿಳಿದು ಸಂತೋಷವಾಯಿತು. ಆದರೆ ಅಂದು ಪಕ್ಕದೂರಿನ ಚರ್ಚಿನ ನೆಲಮಾಳಿಗೆಯಲ್ಲಿ ಸುಗ್ಗಿಯ ಕೋಳಿಯೂಟವಿತ್ತು. ನಾನೂ ಮಾಮನೂ ಅಲ್ಲಿಗೇ ಹೋಗಿದ್ದೆವು. ಆ ಊಟದ ದಿನ ಈ ಬಯಲಿನ ಯಾವ ಮನೆಯಲ್ಲಿ ತಾನೇ ಜನ ಸಿಗುತ್ತಾರೆ? ಬೆಳಗ್ಗೆ ಎರಡು ಹಣ್ಣಿನ ಪೈ ಬೇಯಿಸಿದೆ. ಒಂದನ್ನು ಊಟಕ್ಕೆ ಒಯ್ದೆ, ಇನ್ನೊಂದನ್ನು ಒಲೆಯ ಮೇಲೇ ಬಿಟ್ಟೆ. ಬಾಗಿಲಿಗೆ ಬೀಗ ಹಾಕಲಿಲ್ಲ. ನಮ್ಮಮ್ಮ ಹೇಳುತ್ತಿದ್ದರು, "ಬಯಲಲ್ಲಿ ದಾರಿ ತಪ್ಪಿದೋನು ಬಾಗಿಲು ತಳ್ಳಿದ್ರೆ ತೆರೀಬೇಕು, ಒಳಗೆ ಏನಾದ್ರೂ ತಿನ್ನೋಕಿರಬೇಕು." ತಿಂದವರು ತಟ್ಟೆ ತೊಳೆದಿಟ್ಟು ಹೋಗಬೇಕು, ಅದೂ ಇಲ್ಲಿಯ ಪದ್ಧತಿ.

ಸಂಜೆ ಬಂದು ನೋಡಿದರೆ ಪೈಯಲ್ಲಿ ದೊಡ್ಡದೊಂದು ತುಂಡು ಇರಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿತ್ತು. ನೆಂಟರಿಷ್ಟರನ್ನೆಲ್ಲ ಫೋನಿನಲ್ಲಿ ಕೇಳಿದೆ, ಯಾರೂ ಬಂದಿರಲಿಲ್ಲ. ಯಾರೋ ಬಂದಿದ್ದರಲ್ಲ ಎಂದು ಆ ವಾರವೆಲ್ಲ ನನಗೆ ಹಬ್ಬ. ಆ ತಟ್ಟೆಯನ್ನು ಎತ್ತಿಡಲೂ ಮನಸ್ಸಾಗಲಿಲ್ಲ. ಆಮೇಲೆ ನೋಟೀಸಿನಲ್ಲಿ ಪರಿಶೀಲನೆಯ ತಾರೀಖು ಓದಿದೆ, ಅದೇ ಭಾನುವಾರ.

ತಮ್ಮ ನೌಕರರ ಮೇಲೆ ನನಗೆ ದೂರಿಲ್ಲ. ಒಳ್ಳೆಯ ಮನೆತನದವರು, ತಟ್ಟೆಯ ಹಿಂಭಾಗವನ್ನೂ ಉಜ್ಜಿದ್ದಾರೆ. ಆದರೆ ತಿನ್ನುವಾಗ ಇದ್ದ ನಾನು ಬರೆಯುವಾಗ ಎಲ್ಲಿಗೆ ಹೋದೆ? ಹಿಮ ತೆಗೆಯುವ ಯಂತ್ರವನ್ನು ನಿಲ್ಲಿಸಬೇಡಿ. ಮೊದಲ ಹಿಮ ಬೀಳುವ ಮುನ್ನ ಅವರನ್ನೇ ಮತ್ತೆ ಕಳುಹಿಸಿ, ಈ ಸಲ ನಾನು ಮನೆಯಲ್ಲೇ ಇರುತ್ತೇನೆ. ಅಷ್ಟು ದೂರ ಬರಲು ಬಿಡುವಿಲ್ಲದಿದ್ದರೆ, ಅವರನ್ನು ತಮ್ಮ ಮೇಜಿನ ಬಳಿ ಕರೆದು ಒಂದೇ ಒಂದು ಸಂಗತಿಯನ್ನು ಕೇಳಿ ನೋಡಿ: ಅವರು ತಿಂದಾಗ ಆ ಪೈ ಇನ್ನೂ ಬೆಚ್ಚಗಿತ್ತೇ?

ಇಂತಿ,
ತಮ್ಮ ವರದಿಯಲ್ಲಿ ಇಲ್ಲದ, ಒಲೆ ಆರಿಸದೆ ಕಾದಿರುವ
ತೆಕ್ಲಾ ಹೊರ್ಬೈ
ಲಾರ್ನ್‌ಬಿ