ಆಸರೆ ಕೋಣೆಯ ಕೊಳೆ

ಹರಿಹರ, ನದಿರಜೆಯ ನೂರಾ ಅರವತ್ತೊಂದನೆಯ ವರ್ಷ, ಕಾರ್ತಿಕ ಮಾಸ, ಮೇಲ್ದೀಪ ಆರಿ ಕೆಳದೀಪ ಹತ್ತುವ ಹೊತ್ತು.

ನಮ್ಮ ಮನೆಯ ಮೀನುತೊಟ್ಟಿಯ ನಕ್ಷೆ ಬರೆದ ಹಿರಿಯರಾದ ದರ್ಜಿ ಕರಿಬಸಪ್ಪಜ್ಜನವರಿಗೆ, ಅವರ ಮೊಮ್ಮಗಳ ಮೊಮ್ಮಗನ ಮೊಮ್ಮಗನ ಹೆಂಡತಿ ಕೊಟ್ರಮ್ಮ ಮಾಡುವ ಶರಣು ಶರಣಾರ್ಥಿ.

ಈ ತಾರೀಕನ್ನು ನಿಮ್ಮ ಅಂಗಡಿಯ ಕ್ಯಾಲೆಂಡರಿನಲ್ಲಿ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಮಾತುಗಳೇನೂ ನಮಗೆ ಕಡಿಮೆ ಕಾಟ ಕೊಟ್ಟಿಲ್ಲ ಬಿಡಿ. ನಕ್ಷೆ ಬರೆದ ನಿಮ್ಮ ನೋಟ್‌ಬುಕ್ಕಿನಲ್ಲಿ ‘ಸಂಪ್’ ಎಂದಿದ್ದೀರಿ, ‘ರೆಫ್ಯೂಜಿಯಂ’ ಎಂದಿದ್ದೀರಿ. ಮೀನುತೊಟ್ಟಿಯ ಕೆಳಗೆ, ಕಪಾಟಿನೊಳಗೆ ಇರುವ ಎರಡನೆಯ ತೊಟ್ಟಿಯನ್ನು ನಾವು ಕೆಳತೊಟ್ಟಿ ಎನ್ನುತ್ತೇವೆ. ಅದರ ನಡುವೆ ಗಿಡ ಬೆಳೆಯುವ ಅಂಕಣವೇ ಆಸರೆ ಕೋಣೆ, ನಿಮ್ಮ ರೆಫ್ಯೂಜಿಯಂ. ನೀರಿನ ವಿಷಯದಲ್ಲಿ ತಪ್ಪು ಮಾಡಿದವರು ತಮ್ಮ ತೊಟ್ಟಿಯ ನಕ್ಷೆ ಬರೆದ ಹಿರಿಯರಿಗೆ ಕೈಯಾರೆ ಓಲೆ ಬರೆಯಬೇಕೆಂಬುದು ನಮ್ಮ ಊರಿನ ಪದ್ಧತಿ. ಬರೆದದ್ದನ್ನು ನಕ್ಷೆಯ ಪುಸ್ತಕದೊಳಗೆ ಇಟ್ಟು ಮುಚ್ಚುತ್ತೇವೆ. ಅದು ಹೇಗೆ ತಲುಪುತ್ತದೆಂದು ಬಲ್ಲವರಿಲ್ಲ, ತಲುಪುತ್ತದೆ ಎಂದು ಮಾತ್ರ ಎಲ್ಲರೂ ಹೇಳುತ್ತಾರೆ. ನಾನು ತಪ್ಪು ಮಾಡಿದ್ದೇನೆ ಅಜ್ಜ, ಅದಕ್ಕೇ ಈ ಓಲೆ.

ನದಿರಜೆ ಎಂದರೇನೆಂದು ಹೇಳಿಬಿಡುತ್ತೇನೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ತುಂಗಭದ್ರೆಗೆ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲವಂತೆ. ಊರಿನವರು ಸೇರಿ ಅವಳಿಗೆ ರಜೆ ಕೊಟ್ಟರು. ಅಂದಿನಿಂದ ಯಾರೂ ಅವಳಿಂದ ಒಂದು ಬಿಂದಿಗೆ ತೆಗೆಯುವುದಿಲ್ಲ, ಅವಳೊಳಗೆ ಒಂದು ತೊಟ್ಟು ಸುರಿಯುವುದೂ ಇಲ್ಲ. ಮಳೆನೀರಿನಲ್ಲೇ ಬದುಕುತ್ತೇವೆ. ಉಳಿದಿದ್ದ ಮೀನುಗಳನ್ನು ಮನೆಮನೆಗೆ ಹಂಚಿಕೊಂಡರು, ಮನೆಗೊಂದು ಜಾತಿ. ನಮ್ಮದು ಅರಿಶಿನಗೆನ್ನೆಯ ಒಕ್ಕಲು. ಬೆರಳುದ್ದದ ಮೀನು, ಕಿವಿರಿನ ಪಕ್ಕದಲ್ಲಿ ಮುತ್ತೈದೆ ಕೆನ್ನೆಗೆ ಹಚ್ಚಿಕೊಂಡಂಥ ಹಳದಿ. ಈ ಜಾತಿ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಬರುವ ವರ್ಷಕ್ಕೆ ರಜೆ ಮುಗಿಯುತ್ತದೆ, ಪ್ರತಿ ಒಕ್ಕಲೂ ತನ್ನ ಮೀನನ್ನು ನದಿಗೆ ಒಪ್ಪಿಸಬೇಕು. ಐದು ತಲೆಮಾರು ಕಾದದ್ದು ಆ ದಿನಕ್ಕಾಗಿ.

ನೀವು ಒಮ್ಮೆ ನಮ್ಮ ಓಣಿಗೆ ಬರಬೇಕಿತ್ತು. ಸಂಜೆಯಾಗುತ್ತಲೇ ಮನೆಮನೆಯ ಮೇಲ್ದೀಪ ಆರುತ್ತದೆ, ಮೀನುಗಳು ಮಲಗುತ್ತವೆ. ಆಗ ಆಸರೆ ಕೋಣೆಗಳ ಕೆಳದೀಪ ಹತ್ತುತ್ತದೆ. ಮೇಲೆ ಕತ್ತಲಾದಾಗ ಕೆಳಗಿನ ಗಿಡ ಎಚ್ಚರವಿರಬೇಕು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ನೀರು ಹುಳಿಯಾಗುತ್ತದೆ ಎಂದು ಬರೆದವರು ನೀವೇ ಅಲ್ಲವೇ. ಬಾಗಿಲುಗಳಿಂದ ಎಳೆಹಸಿರು ಬೆಳಕು ನೆಲಮಟ್ಟಕ್ಕೆ ಹರಿದು ಬರುತ್ತದೆ, ಓಣಿಯಲ್ಲಿ ನಡೆಯುವವರ ಪಾದಗಳೆಲ್ಲ ಹಸಿರು. ಎಲ್ಲ ಮನೆಯಲ್ಲೂ ಮೇಲಿನಿಂದ ಕೆಳಗಿಳಿಯುವ ನೀರಿನ ಸದ್ದು. ಪರವೂರಿಗೆ ಹೋದ ನಮ್ಮ ಮಕ್ಕಳು ಆ ಸದ್ದಿಲ್ಲದೆ ನಿದ್ದೆ ಮಾಡುವುದಿಲ್ಲ, ಬಕೆಟ್ಟಿಗೆ ನಲ್ಲಿ ಬಿಟ್ಟು ಮಲಗಿಸಬೇಕು. ಹುಣ್ಣಿಮೆಗೆ ಊರೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ದೂರದ ದಿಬ್ಬದ ಮೇಲೆ ಕೂತು ನದಿಯನ್ನು ನೋಡಿಕೊಂಡು ಬರುತ್ತೇವೆ. ಯಾರೂ ಹತ್ತಿರ ಹೋಗುವುದಿಲ್ಲ, ಬಾಣಂತಿಯ ಕೋಣೆಯ ಹೊರಗೆ ಕೂತಂತೆ ಮೆಲ್ಲಗೆ ಮಾತಾಡುತ್ತೇವೆ.

ನಿಮ್ಮ ನೋಟ್‌ಬುಕ್ ಓದಿ ನಗದವರು ಈ ಮನೆಯಲ್ಲಿಲ್ಲ. ಗಾಜಿನ ಅಳತೆಗೂ ಗಿರಾಕಿಯ ಅಂಗಿಯ ಅಳತೆಗೂ ನೀವು ವ್ಯತ್ಯಾಸವನ್ನೇ ಇಟ್ಟಿಲ್ಲ. ‘ಉದ್ದ ಮೂವತ್ತಾರು, ಎದೆ ಹದಿನೈದು, ತೋಳು ಎರಡು’ ಎಂದಿದ್ದೀರಿ. ತೋಳೆಂದರೆ ಕೊಳವೆಗಳು ಎಂದು ತಿಳಿಯಲು ನನಗೆ ವಾರ ಹಿಡಿಯಿತು. ಒಂದು ತೋಳಿನಲ್ಲಿ ನೀರು ಇಳಿದು ಮೊದಲ ಅಂಕಣದ ಸ್ಪಂಜಿನಲ್ಲಿ ಸೋಸಿಕೊಳ್ಳುತ್ತದೆ, ನಡುವಿನ ಆಸರೆ ಕೋಣೆಯಲ್ಲಿ ಗಿಡಗಳ ನಡುವೆ ನಿಧಾನವಾಗಿ ಸುಳಿಯುತ್ತದೆ, ಕೊನೆಯ ಅಂಕಣದ ಪಂಪು ಅದನ್ನು ಇನ್ನೊಂದು ತೋಳಿನಿಂದ ಮೇಲಕ್ಕೆ ಏರಿಸುತ್ತದೆ. ಕರೆಂಟು ಹೋದರೆ ಮೇಲಿನ ನೀರು ಒಂದಿಷ್ಟು ಕೆಳಗಿಳಿದೇ ಇಳಿಯುತ್ತದೆ, ಅದಕ್ಕಾಗಿ ಕೆಳತೊಟ್ಟಿಯಲ್ಲಿ ‘ನಾಲ್ಕಿಂಚು ಒಳಮಡಿಕೆ ಬಿಡು, ಬೆಳೆಯುವ ಹುಡುಗರ ಪ್ಯಾಂಟಿಗೆ ಬಿಟ್ಟ ಹಾಗೆ’ ಎಂದು ಬರೆದಿದ್ದೀರಿ. ಆ ನಾಲ್ಕಿಂಚು ಖಾಲಿ ಜಾಗ ಎಷ್ಟು ಸಲ ನಮ್ಮ ನೆಲವನ್ನು ಕಾಪಾಡಿದೆಯೋ ಲೆಕ್ಕವಿಲ್ಲ. ಆಸರೆ ಕೋಣೆಯಲ್ಲಿ ಅಂತರಗಂಗೆ ತೇಲುತ್ತದೆ, ತಳದಲ್ಲಿ ಕೆಸರು ಮತ್ತು ಪಟ್ಟಿಯೆಲೆಯ ನೀರುಹುಲ್ಲು. ಮೇಲೆ ಇದ್ದಿದ್ದರೆ ಮೀನಿನ ಬಾಯಿಗೆ ಹೋಗುತ್ತಿದ್ದ ಕಣ್ಣಿಗೆ ಕಾಣದಷ್ಟು ಪುಟ್ಟ ಜೀವಗಳೆಲ್ಲ ಅಲ್ಲಿ ಹೆದರಿಕೆಯಿಲ್ಲದೆ ಹುಟ್ಟಿ ಬೆಳೆಯುತ್ತವೆ. ಮೀನಿನ ಹೇಲುಚ್ಚೆಯ ವಿಷವನ್ನು ಆ ಕೆಸರು ಮುರಿಯುತ್ತದೆ, ಮುರಿದದ್ದನ್ನು ಗಿಡ ಉಣ್ಣುತ್ತದೆ. ಇದೆಲ್ಲ ನನಗೆ ಈಗ ಗೊತ್ತು. ದೀಪಾವಳಿಗೆ ಮುಂಚೆ ಗೊತ್ತಿರಲಿಲ್ಲ.

ನಮ್ಮ ಅತ್ತೆ ಹಾಲಮ್ಮ ಮೂವತ್ತೆರಡು ವರ್ಷ ಆ ಕೆಳತೊಟ್ಟಿಗೆ ಬೇರೆಯವರ ಕೈ ಸೋಕಗೊಟ್ಟವರಲ್ಲ. ಈ ಸಲ ಮಗಳ ಬಾಣಂತನಕ್ಕೆಂದು ಕೊಟ್ಟೂರಿಗೆ ಹೋದರು. ತೊಟ್ಟಿ ನನ್ನ ಪಾಲಿಗೆ ಬಂತು, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ನೀರು ತುಂಬುವ ಹಬ್ಬ ಬಂತು. ನಿಮ್ಮ ಮನೆಯಲ್ಲೂ ಮಾಡುತ್ತಿದ್ದಿರಬೇಕು: ಬಚ್ಚಲು ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೆಮ್ಮಣ್ಣು ಸುಣ್ಣ ಬಳಿದು, ಅದರ ಕೊರಳಿಗೆ ಹಿಂಡಲಬಳ್ಳಿ ಕಟ್ಟಿ, ಹೊಸ ನೀರು ತುಂಬುವುದು. ಮನೆಯಲ್ಲಿ ನೀರು ನಿಲ್ಲುವ ಒಂದು ಪಾತ್ರೆಯನ್ನೂ ಹಳೆಯ ಕೊಳೆಯಲ್ಲಿ ಬಿಡಬಾರದು. ನಾನು ಬಿಡಲಿಲ್ಲ. ಹಂಡೆ ಮುಗಿಸಿ ಕೆಳತೊಟ್ಟಿಗೆ ಕೈಹಾಕಿದೆ. ಸ್ಪಂಜುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದೆ. ಕೆಸರನ್ನು ಬಾಚಿ ತಿಪ್ಪೆಗೆ ಹಾಕಿದೆ, ಅಂತರಗಂಗೆಯನ್ನೂ ಹಾಕಿದೆ. ತೆಂಗಿನ ನಾರಿನಿಂದ ಗಾಜು ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಮಾಡಿದೆ. ಸುಣ್ಣದ ಗೆರೆ ಎಳೆದು, ಕುಂಕುಮವಿಟ್ಟು, ಕೈಮುಗಿದೆ. ಅಷ್ಟು ಚೆಂದದ ಕೆಳತೊಟ್ಟಿ ಹರಿಹರದಲ್ಲಿ ಇನ್ನೊಂದಿಲ್ಲ ಎಂದು ಬೀಗಿದ್ದೂ ಉಂಟು.

ನರಕ ಚತುರ್ದಶಿಯ ದಿನ ಮೀನುಗಳು ಚೆನ್ನಾಗಿಯೇ ಇದ್ದವು. ಅಮಾವಾಸ್ಯೆಗೆ ನೀರು ಮಜ್ಜಿಗೆಯಂತೆ ಮಸುಕಾಯಿತು. ಪಾಡ್ಯದ ಬೆಳಿಗ್ಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದವಳು ಎದ್ದು ನೋಡುತ್ತೇನೆ, ಇಪ್ಪತ್ತಮೂರೂ ಮೇಲೆ ಬಂದು ಬಾಯಿ ಬಿಡುತ್ತಿವೆ. ನನ್ನ ಕಣ್ಣೆದುರಿಗೇ ಒಂದು ಮಗ್ಗುಲಾಯಿತು, ಆಮೇಲೆ ಇನ್ನೊಂದು. ಕೆನ್ನೆಯ ಅರಿಶಿನ ಸತ್ತ ಮೇಲೂ ಮಾಸುವುದಿಲ್ಲ ಅಜ್ಜ. ಮಧ್ಯಾಹ್ನದ ಹೊತ್ತಿಗೆ ಹದಿನೆಂಟನ್ನು ಎತ್ತಿ ಬಾಳೆಲೆಯ ಮೇಲೆ ಮಲಗಿಸಿದೆ. ಐದು ಮಾತ್ರ ಉಳಿದಿದ್ದವು, ಒಂದು ಇಡೀ ನದಿಯ ಪಾಲಿಗೆ ಐದೇ ಐದು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ನಾನು ತೊಳೆದು ಹಾಕಿದ್ದರಿಂದಲೇ ಹೀಗಾಯಿತೆಂದು ಆಗ ಹೊಳೆಯಿತು. ತಿಪ್ಪೆಯಲ್ಲಿ ಒಣಗಿ ಸತ್ತ ಕೆಸರಿಗೆ ಬದಲಿ ಬದುಕಿರುವ ಕೆಸರೇ ಬೇಕು. ಅದು ಎದುರು ಮನೆಯ ಜುಲೇಖಾಬಿಯ ತೊಟ್ಟಿಯಲ್ಲಿತ್ತು. ಆದರೆ ಒಂದು ಒಕ್ಕಲಿನ ನೀರನ್ನು ಇನ್ನೊಂದಕ್ಕೆ ಬೆರೆಸಬಾರದು, ಜಾಡ್ಯ ಹರಡುತ್ತದೆ ಎಂಬುದು ಊರಿನ ಕಟ್ಟಳೆ. ಅದಕ್ಕಿಂತ ದೊಡ್ಡದು ನಮ್ಮಿಬ್ಬರ ಮುನಿಸು. ಒಂಬತ್ತು ವರ್ಷದ ಕೆಳಗೆ ಮನೆಮನೆಯ ನೀರು ಪರೀಕ್ಷಿಸುವವರು ಅವಳ ತೊಟ್ಟಿಯನ್ನು ಹೊಗಳಿದ್ದರು. ಪರೀಕ್ಷೆಯ ಹಿಂದಿನ ದಿನ ಅವಳು ಕದ್ದು ಹೊಸ ನೀರು ಸುರಿದಿದ್ದಾಳೆ ಎಂದು ನಾನು ಓಣಿಗೆಲ್ಲ ಕೇಳುವಂತೆ ಹೇಳಿದ್ದೆ. ಅದು ಸುಳ್ಳು. ನನಗೆ ಹೊಟ್ಟೆಕಿಚ್ಚಾಗಿತ್ತು, ಅಷ್ಟೇ. ಅಂಥವಳ ಬಾಗಿಲಿಗೆ ಹಬ್ಬದ ದಿನ ಖಾಲಿ ಬಟ್ಟಲು ಹಿಡಿದು ಹೋಗಿ ನಿಂತೆ. ಅವಳು ನನ್ನ ಮುಖ ನೋಡಿದಳು, ಬಟ್ಟಲು ನೋಡಿದಳು.

“ಹಬ್ಬದ ದಿನ ಹೋಳಿಗಿ ಕೊಡಾಕೆ ಬರ್ತಾರೆ ಜನ, ನೀನು ಕೊಳೆ ಕೇಳಾಕೆ ಬಂದೀಯಲ್ಲ ಕೊಟ್ರವ್ವ” ಎಂದಳು.

“ನಾನು ಅವತ್ತು ಆಡಿದ್ದು ಸುಳ್ಳು ಕಣವ್ವ, ತಪ್ಪಾತು” ಎಂದೆ.

“ಅದು ನಂಗೆ ಅವತ್ತೇ ಗೊತ್ತಿತ್ತು. ನೀನು ಹೇಳ್ಲಿ ಅಂತ ಕಾಯ್ತಿದ್ದೆ” ಎಂದು ತೋಳು ಮೇಲೇರಿಸಿಕೊಂಡು ತನ್ನ ಆಸರೆ ಕೋಣೆಗೆ ಕೈ ಇಳಿಬಿಟ್ಟಳು. ಕಪ್ಪು ಸ್ಪಂಜೊಂದನ್ನು, ಎರಡು ಹಿಡಿ ಕೆಸರನ್ನು, ಬೇರು ಸಮೇತ ಅಂತರಗಂಗೆಯನ್ನು ಬಟ್ಟಲಿಗೆ ಹಾಕಿದಳು. “ತಗಾ, ನಮ್ಮತ್ತಿ ಕಾಲದ ಕೆಸರು. ಜಾಡ್ಯ ಬಂದ್ರೆ ಇಬ್ರೂ ಕೂಡೇ ಬೈಸ್ಕಳಾನ.”

ಅವಳೇ ಬಂದು ಅದನ್ನು ನಮ್ಮ ಕೆಳತೊಟ್ಟಿಯಲ್ಲಿ ಹಾಸಿದಳು. ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು ಮಳೆನೀರು ತುಂಬುತ್ತ ನಾಲ್ಕು ದಿನ ಇಬ್ಬರೂ ಸರದಿಯಲ್ಲಿ ಕೂತೆವು. ಒಂಬತ್ತು ವರ್ಷದ ಮಾತು ಬಾಕಿ ಇತ್ತಲ್ಲ, ಹೊತ್ತು ಹೋದದ್ದೇ ತಿಳಿಯಲಿಲ್ಲ. ಐದನೆಯ ದಿನ ನೀರು ತಿಳಿಯಾಯಿತು. ಐದೂ ಬದುಕಿವೆ. ನಾಲ್ಕು ಹೆಣ್ಣು, ಒಂದು ಮುದಿ ಗಂಡು. ಅವು ಮೊಟ್ಟೆಯಿಡುತ್ತವೋ ಇಲ್ಲವೋ, ನದಿ ಏಳುವ ದಿನ ನಮ್ಮ ಕೈಯಲ್ಲಿ ಒಪ್ಪಿಸುವುದಕ್ಕೆ ಏನಾದರೂ ಇರುತ್ತದೋ ಇಲ್ಲವೋ, ಹೇಳಲಾರೆ.

ಅತ್ತೆ ಊರಿಂದ ಬಂದು ತೊಟ್ಟಿಯ ಮುಂದೆ ಕೂತು ಮೀನು ಎಣಿಸಿದರು. ಬೈದರೆ ಸಾಕಪ್ಪ ಎಂದು ಕಾದೆ. “ನಾನೂ ಹೇಳಿ ಹೋಗ್ಲಿಲ್ಲ ಬಿಡವ್ವ. ಇದು ಹೇಳಾ ಮಾತು ಅಂತ ಅನ್ನಿಸ್ಲೇ ಇಲ್ಲ” ಎಂದರು. ಆಗ ನಾವಿಬ್ಬರೂ ನಿಮ್ಮ ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಓದಿದೆವು. ಗಾಜಿನ ದಪ್ಪವಿದೆ, ದೀಪದ ಗಂಟೆಗಳಿವೆ, ಅಡ್ಡಗೋಡೆಗಳ ಎತ್ತರವಿದೆ. ಎಲ್ಲವನ್ನೂ ಒಮ್ಮೆಗೇ ತೊಳೆಯಬಾರದು ಎಂಬ ಮಾತು ಎಲ್ಲೂ ಇಲ್ಲ. ನಿಮಗೂ ಅದು ಹೇಳುವ ಮಾತು ಅನ್ನಿಸಿರಲಿಕ್ಕಿಲ್ಲ. ಆಸರೆ ಕೋಣೆಯ ಚಿತ್ರದ ಕೆಳಗೆ ಎರಡು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದೀರಿ.

ಅಜ್ಜ, ಅಲ್ಲಿ ಬರೆಯಿರಿ. ‘ಯಾವ ಹಬ್ಬವೇ ಬರಲಿ, ಕೆಳತೊಟ್ಟಿಯಲ್ಲಿ ಮೂರರಲ್ಲಿ ಎರಡು ಪಾಲು ಕೊಳೆ ಹಾಗೇ ಇರಲಿ’ ಎಂದು ಬರೆಯಿರಿ. ಬರೆದರೆ ನಾನು ಅದನ್ನು ಓದಿರುತ್ತೇನೆ, ಹಂಡೆ ತಿಕ್ಕಿ ಅಲ್ಲಿಗೇ ನಿಲ್ಲಿಸಿರುತ್ತೇನೆ. ಹದಿನೆಂಟೂ ಬದುಕಿರುತ್ತವೆ. ನದಿಗೆ ಅವಳ ಅರಿಶಿನಗೆನ್ನೆ ಮರಳಿ ಸಿಗುತ್ತದೆ. ತಪ್ಪೇ ಆಗದ ಮೇಲೆ ಈ ಓಲೆಯೂ ಇರುವುದಿಲ್ಲ, ಕೊಟ್ರಮ್ಮನೆಂಬವಳು ನಿಮಗೆ ಬರೆದಿದ್ದಳೆಂಬುದು ನಿಮಗೂ ನನಗೂ ತಿಳಿಯುವುದಿಲ್ಲ. ಅದಕ್ಕೆ ನಾನು ಒಪ್ಪಿದ್ದೇನೆ. ಆದರೆ ಬಟ್ಟಲು ಹಿಡಿದು ಎದುರು ಮನೆಗೆ ಹೋಗುವ ಕಾರಣವೂ ಆಗ ನನಗಿರುವುದಿಲ್ಲ. ಜುಲೇಖಾಬಿ ಇನ್ನೂ ಎಷ್ಟು ವರ್ಷ ಕಾಯಬೇಕೋ. ನನ್ನ ಸೊಕ್ಕು ನನಗೆ ಗೊತ್ತು, ಸುಮ್ಮನೆ ನಾನಾಗಿ ಹೋಗುವವಳಲ್ಲ.

ಹಾಗಾಗಿ ಎರಡನೆಯ ಸಾಲನ್ನೂ ಖಾಲಿ ಬಿಡಬೇಡಿ. ಕಾರಣ ಕೊಡುವುದು ಬೇಡ, ಕಾರಣ ಕೊಟ್ಟರೆ ನಾನು ವಾದ ಮಾಡುತ್ತೇನೆ. ಅಳತೆ ಬರೆಯುವ ಹಾಗೆ ಬರೆದುಬಿಡಿ: ‘ವರ್ಷಕ್ಕೊಮ್ಮೆ ಎದುರು ಮನೆಯಿಂದ ಒಂದು ಹಿಡಿ ಕೆಸರು ಕೇಳಿ ತರತಕ್ಕದ್ದು.’