ಒಂಟಿ ಕೈಯ ಹುಕ್ಕು

ಆಳಂದ
ಶ್ರಾವಣದ ಎರಡನೇ ಸೋಮವಾರ

ಜೇವರ್ಗಿಯಲ್ಲಿ ಅಂಗಡಿ ತೆರೆದು, ಹೆಸರಿನ ಕೆಳಗೆ ‘ಫ್ಯಾಷನ್ ಡಿಸೈನರ್’ ಎಂದು ಮೂರು ಬಣ್ಣದಲ್ಲಿ ಬರೆಸಿಕೊಂಡು, ಹೆತ್ತವಳ ಜಂಪರಿಗೆ ಒಂದು ನೆಟ್ಟಗಿನ ಹುಕ್ಕು ಹಚ್ಚಲು ಬಾರದ ನನ್ನ ಹಿರಿಯ ಮಗಳು ವಿದ್ಯಾವತಿಗೆ, ನಿನ್ನ ಅವ್ವ ಸುಂದರಬಾಯಿ ಮಾಡುವ ಆಶೀರ್ವಾದ. ಪೂರ್ತಿ ಆಶೀರ್ವಾದವಲ್ಲ, ಅರ್ಧ. ಉಳಿದರ್ಧ ಕೆಲಸ ನೋಡಿ ಕೊಡುತ್ತೇನೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, “ಅವ್ವಾ, ಗಿರಾಕಿ ಬಂದಾರ, ಆಮ್ಯಾಲ ಮಾತಾಡ್ತೇನಿ” ಎಂದು ಕತ್ತರಿಸುತ್ತೀ. ಕತ್ತರಿ ಹಿಡಿದವಳ ಬುದ್ಧಿ. ಪತ್ರವನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ಬರೆಯುತ್ತಿರುವವಳು ನಿನ್ನ ತಮ್ಮ ಶಾಂತಕುಮಾರನ ಹೆಂಡತಿ ಮಹಾನಂದಾ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಹೇಳಿದ್ದನ್ನು ಹೇಳಿದಂತೆ ಬರೆಯಬೇಕು, ತನ್ನ ಬಗ್ಗೆ ಬೈಗುಳ ಬಂದರೂ ಬರೆಯಬೇಕು ಎಂದು ಕರಾರು ಮಾಡಿಸಿಕೊಂಡಿದ್ದೇನೆ.

ನನ್ನ ಬಲಗೈಯ ಕಥೆ ನಿನಗೆ ಗೊತ್ತೇ ಇದೆ. ಲಕ್ವಾ ಹೊಡೆದ ದಿನದಿಂದ ಅದು ಆಟ ಮುಗಿದ ಮೇಲೆ ಮೂಲೆಗೆ ಒಗೆದ ರಟ್ಟಿನ ಕತ್ತಿ. ದನಿ ಮಾತ್ರ ಹೋಗಲಿಲ್ಲ. ದೇವರು ಅದನ್ನೂ ಕಸಿಯಲು ಬಂದಿದ್ದ. ನಾನು ಒಮ್ಮೆ ಗದರಿದೆ ನೋಡು, ಸಿಕ್ಕ ಕೈಯನ್ನಷ್ಟೇ ಎತ್ತಿಕೊಂಡು ಓಡಿಹೋದ.

ಅಂದಿನಿಂದ ಈ ಮನೆಯಲ್ಲಿ ದಿನಾ ಮುಂಜಾನೆ ಏನು ನಡೆಯುತ್ತದೆ ಎಂದರೆ, ನಾಟಕದ ಸಿಂಹಾಸನದ ಮೇಲೆ ಕೂತು ಗರ್ಜಿಸಿದ ಈ ಸುಂದರಬಾಯಿ ಮಂಚದ ತುದಿಯಲ್ಲಿ ಎದೆ ತೆರೆದುಕೊಂಡು ಕೂರಬೇಕು. ಒಲೆಯ ಮೇಲೆ ಹಾಲಿಟ್ಟು ಬಂದ ಸೊಸೆ, ಕಣ್ಣು ಒಲೆಯ ಕಡೆ, ಕೈ ನನ್ನ ಹುಕ್ಕಿನ ಕಡೆ ಇಟ್ಟು, ಜೋಳದ ಚೀಲದ ಬಾಯಿ ಕಟ್ಟಿದ ಹಾಗೆ ನನ್ನನ್ನು ಕಟ್ಟಬೇಕು. ಒಂದು ದಿನ ಒಂದು ಹುಕ್ಕು ತಪ್ಪುತ್ತದೆ. ಇನ್ನೊಂದು ದಿನ ಮೇಲಿನದು ಕೆಳಗಿನ ಕುಣಿಕೆಗೆ ಬಿದ್ದು ಜಂಪರು ಸೊಟ್ಟ ಮೋರೆ ಮಾಡುತ್ತದೆ. ಬರಿ ಬೇ ಮಹಾನಂದಾ, ನಿಲ್ಲಬೇಡ, ನಿನ್ನದೇ ಕೀರ್ತಿ.

ನಿನ್ನ ತಮ್ಮ, ಆ ಮಹಾಜ್ಞಾನಿ, ಇದಕ್ಕೆ ಒಂದು ಪರಿಹಾರ ಕಂಡುಹಿಡಿದ. “ಅವ್ವಾ, ನೈಟಿ ಹಾಕ್ಕೋ, ಹುಕ್ಕಿನ ಗೊಡವೀನೇ ಇಲ್ಲ” ಎಂದ. ನೈಟಿ! ತೋಳು ಹಚ್ಚಿದ ದಿಂಬಿನ ಚೀಲ! ಅದನ್ನು ಹಾಕಿಕೊಂಡು ಓಣಿಯ ಹೆಂಗಸರು ಹಾಲು ತರಲಿ, ತರಕಾರಿ ತರಲಿ, ನನಗೇನು. ನಾನು ಅದರೊಳಗೆ ಹೋಗುವುದು ನನ್ನನ್ನು ಹೊತ್ತುಕೊಂಡು ಹೋಗುವ ದಿನ, ಅದೂ ನನಗೆ ಗೊತ್ತಿಲ್ಲದಂತೆ ತೊಡಿಸಿದರೆ.

ಹುಕ್ಕಿನ ವಿಷಯದಲ್ಲಿ ನಾನು ಯಾರ ಕೈಯನ್ನೂ ನಂಬುವುದಿಲ್ಲ ಎಂಬುದನ್ನು ಮಕ್ಕಳಾದ ನೀವು ಹಟ ಎಂದು ಕರೆಯುತ್ತೀರಿ. ಹಟವಲ್ಲ, ಪಾಠ. ಅಫಜಲಪುರದಲ್ಲಿ ನಮ್ಮ ನಾಟಕ ಕಂಪನಿ ಟೆಂಟು ಹಾಕಿದಾಗ ಕಲಿತದ್ದು. ದಾಸಿಯ ವೇಷದಿಂದ ರಾಣಿಯ ವೇಷಕ್ಕೆ ಬದಲಾಗಲು ಸಮಯವೇ ಇರಲಿಲ್ಲ. ಬೆನ್ನ ಹಿಂದೆ ಪರದೆಯ ಹಗ್ಗ ಎಳೆಯುತ್ತಿದ್ದಾರೆ. ಎದುರು ನಿಂತು ಹುಕ್ಕು ಹಾಕುತ್ತಿದ್ದವಳು ನನ್ನ ಜೊತೆಗಾತಿ ಶಾರದಾಬಾಯಿ. “ಎಲ್ಲಾ ಹಾಕಿದೇನವ್ವಾ?” ಎಂದೆ. “ಹಾಕೇನಿ ಹೋಗ ಬೇ, ಪರದಾ ಏಳಾಕತ್ತದ” ಎಂದಳು. ಹೋದೆ. ಶಾಪ ಕೊಡುವ ಮಾತಿಗೆ ಎದೆಯ ತುಂಬ ಉಸಿರು ತುಂಬಿಕೊಂಡೆ. ಮೇಲಿನ ಹುಕ್ಕು ಬಿಟ್ಟಿತು. ಅದರ ಹಿಂದೆ ಎರಡನೆಯದು. ಟೆಂಟು ತುಂಬ ಜನ, ಮುಂದೆ ನೆಲದ ಮೇಲೆ ಗಂಡಸರು. ನನ್ನ ಬಲಗೈ ತಾನಾಗಿ ಹಾರಿ ಎದೆಯ ಮೇಲೆ ಬಿತ್ತು. ಹಾಗೇ ಅದುಮಿ ಹಿಡಿದು, ಕಣ್ಣಲ್ಲಿ ಬಂದ ಅವಮಾನದ ನೀರನ್ನು ಅಲ್ಲೇ ನಿಲ್ಲಿಸಿ, ಶಾಪವನ್ನು ಪೂರ್ತಿ ಕೊಟ್ಟು ಮುಗಿಸಿದೆ.

ಚಪ್ಪಾಳೆ! ಮಗಳೇ, ಟೆಂಟಿನ ಗೂಟ ಅಲುಗುವ ಹಾಗೆ ಚಪ್ಪಾಳೆ! ರಾಣಿಯ ಎದೆ ಒಡೆಯಿತು ಎಂದುಕೊಂಡವು ಆ ಕುರಿಗಳು. ಮರುದಿನ ಮಾಲೀಕ ಬಂದು, “ಬಾಯಿ, ಆ ಕೈ ಇಡೂದು ದಿನಾ ಇರ್ಲಿ” ಎಂದ. ಹೀಗೆ ನಾನು ‘ಎದೆಯ ಮೇಲೆ ಕೈಯಿಟ್ಟ ರಾಣಿ’ ಆದೆ. ಊರೂರಲ್ಲಿ ಜನ ನನ್ನ ಕಲೆ ಎಂದು ಕೊಂಡಾಡಿದ್ದು ಒಂದು ಕಚಡಾ ಹುಕ್ಕಿನ ಹೇಡಿತನವನ್ನು. ಆ ರಾತ್ರಿಯಿಂದ ನನ್ನ ಹುಕ್ಕನ್ನು ನನ್ನ ಕೈಯೇ ಹಾಕಿತು. ಲಕ್ವಾ ಬರುವವರೆಗೆ.

ಇರಲಿ, ನಿನ್ನ ಪ್ರತಾಪಕ್ಕೆ ಬರುತ್ತೇನೆ. “ಅವ್ವಾ, ಒಂದೇ ಕೈಲೆ ಹಾಕ್ಕೊಳ್ಳೂ ಹಂಗ, ಹಾಕ್ಕೊಂಡ್ರ ಬಿಚ್ಚಲಾರದ ಹಂಗ ಮಾಡಿಕೊಡ್ತೇನಿ” ಎಂದು ನನ್ನ ಮಂಚದ ಮುಂದೆ ನಿಂತು ಪ್ರತಿಜ್ಞೆ ಮಾಡಿದೆಯಲ್ಲ, ಆ ಪ್ರತಿಜ್ಞೆಯ ಹೆಣಗಳನ್ನು ಎಣಿಸೋಣ.

ಮೊದಲು ತಂದದ್ದು ಮಕ್ಕಳ ಬೂಟಿಗಿರುವ ಅಂಟುಪಟ್ಟಿ. ಅಂಟಿತು, ಸುಳ್ಳಲ್ಲ. ಬಿಚ್ಚುವಾಗ ಯಾರೋ ಹೊಸ ಧೋತರ ಹರಿದಂತೆ ಸದ್ದು. ಸೆರಗಿನ ನೂಲನ್ನೆಲ್ಲ ಕಚ್ಚಿ ಹಿಡಿದುಕೊಂಡು, ಎರಡು ಸಲ ಒಗೆದರೆ ಬೋಳು ನಾಯಿ. ಆಮೇಲೆ ಚೈನು ತಂದೆ. ಚೈನಿನ ಬುಡ ಜೋಡಿಸಲು ಎರಡು ಕೈ ಬೇಕು ಎಂದು ಹೊಲಿಗೆಯಂತ್ರದ ಮುಂದೆ ಕೂತು ಹರೆಯ ಕಳೆದವಳಿಗೆ ಹೊಳೆಯಲಿಲ್ಲವೇ? ಅದಾದ ಮೇಲೆ ಮ್ಯಾಗ್ನೆಟ್ಟು. ಅಹಾ! ಕೂತರೆ ಹಿಡಿಯುತ್ತದೆ, ಸುಮ್ಮನಿದ್ದರೆ ಹಿಡಿಯುತ್ತದೆ, ನಾನು ಒಮ್ಮೆ ಕೆಮ್ಮಿದೆ, ಎಲ್ಲ ಬಾಗಿಲೂ ಒಟ್ಟಿಗೇ ತೆರೆದವು. ಸುಮ್ಮನಿರುವ ಹೆಂಗಸಿಗೆ ಮಾಡಿದ ಹುಕ್ಕು ಅದು. ನಾನು ಯಾವಾಗ ಸುಮ್ಮನಿದ್ದೆ?

ನಾಲ್ಕನೆಯದು ದೊಡ್ಡ ಹುಕ್ಕು, ಗಂಡಸರ ಪ್ಯಾಂಟಿನದು. ನಾನು ಒಂದನ್ನು ಹಾಕಿದೆ. ಎರಡನೆಯದಕ್ಕೆ ಕೈ ಹಚ್ಚಿದೆ, ಬಟ್ಟೆ ಸಡಿಲಾಗಿ ಮೊದಲನೆಯದು ಜಾರಿತು. ಅದನ್ನು ಹಾಕಿದರೆ ಇದು, ಇದನ್ನು ಹಾಕಿದರೆ ಅದು. ಇಬ್ಬರು ಕುಡುಕರನ್ನು ಒಬ್ಬನೇ ಮನೆಗೆ ಕರೆದುಕೊಂಡು ಹೋದ ಹಾಗೆ. ನೀನು ಎದುರು ನಿಂತು, “ನಾ ಹಾಕ್ಕೊಂಡು ನೋಡೇನವ್ವಾ, ಭಾಳ ಛಲೋ ಕೂಡ್ತದ” ಎಂದೆ.

ಹಾಕಿಕೊಂಡು ನೋಡಿದಳಂತೆ. ಎರಡೂ ಕೈಯಿಂದ!

ಅವತ್ತು ನಾನು ಮಾಡಿದ್ದನ್ನು ನೀನಿನ್ನೂ ಮರೆತಿಲ್ಲ ಎಂದು ಕೇಳಿದೆ. ಮರೆಯಬೇಡ. ಮಹಾನಂದಾಳಿಂದ ಟಾವೆಲ್ ತರಿಸಿ ನಿನ್ನ ಬಲಗೈಯನ್ನು ನಿನ್ನ ನಡುವಿಗೇ ಬಿಗಿಸಿದೆ. “ಹಾಕ್ಕೋ ಬೇ ಡಿಸೈನರ್ ಬಾಯಿ, ಈಗ ಹಾಕ್ಕೋ” ಎಂದೆ. ನಿನ್ನ ಚಹಾ ತಣ್ಣಗಾಯಿತು, ಮೇಲೆ ಕೆನೆ ಕಟ್ಟಿತು. ಬಲಗಡೆಯ ಅಂಚು ಹಿಡಿದರೆ ಎಡಗಡೆಯದು ಓಡುತ್ತದೆ. ಅದನ್ನು ನೀನು ಗದ್ದದಿಂದ ಅದುಮಿದೆ, ಗೋಡೆಗೆ ಒರಗಿ ಅದುಮಿದೆ, ಕೊನೆಗೆ ಹಲ್ಲಿನಿಂದ ಕಚ್ಚಿ ಹಿಡಿದೆ. ಸಿಟ್ಟಿನಿಂದ ಅತ್ತೆ. “ಅವ್ವಾ, ಸಾಕು, ಬಿಚ್ಚು” ಎಂದೆ. “ಬಿಚ್ಚೂದಿಲ್ಲ” ಎಂದೆ ನಾನು. “ನನ್ನ ಕೈ ಯಾರು ಬಿಚ್ಚತಾರ?”

ಅವತ್ತು ನೀನು ಊಟ ಮಾಡದೆ ಜೇವರ್ಗಿ ದಾರಿ ಹಿಡಿದೆ. ಹೋಗು, ಹಸಿವು ಬುದ್ಧಿ ಕಲಿಸುತ್ತದೆ ಎಂದುಕೊಂಡೆ.

ಏನು ಕಲಿಸಿತು? ಹೋದ ವಾರ ಬಸ್ಸಿಗೆ ಹಾಕಿ ಕಳಿಸಿದೆಯಲ್ಲ, ಐದನೆಯ ಮಹಾಕಾವ್ಯ, ಅದನ್ನು. ಒಲೆಯ ಬೂದಿಯ ಬಣ್ಣದ ಬಟ್ಟೆ. ನಾನು ರಾಣಿ ಪಾತ್ರ ಮಾಡಿದವಳೋ, ಪಾತ್ರೆ ತಿಕ್ಕುವ ಅರಿವೆಯೋ? ಎಡ ಅಂಚಿನ ಕೆಳಗೆ ಒಂದು ಬಾಲ ಹಚ್ಚಿದ್ದೀ. ಅದನ್ನು ಮೊದಲು ಲಂಗದ ಲಾಡಿಗೆ ಸಿಕ್ಕಿಸಬೇಕು, ಆಗ ಆ ಅಂಚು ಓಡುವುದಿಲ್ಲ. ಎಮ್ಮೆ ಕಟ್ಟುವ ವಿದ್ಯೆ! ಬಲ ಅಂಚಿನಲ್ಲಿ ಪ್ರತಿ ಹುಕ್ಕಿನ ಪಕ್ಕ ಒಂದು ಬಟ್ಟೆಯ ಉಂಗುರ. ಅದರಲ್ಲಿ ಎಡಗೈಯ ಹೆಬ್ಬೆರಳು ತೂರಿಸಿ, ಅಂಚನ್ನು ಇತ್ತ ಎಳೆದು, ಹುಕ್ಕನ್ನು ಕುಣಿಕೆಯೊಳಗೆ ಅದುಮಬೇಕು. ಇನ್ನು ಆ ಹುಕ್ಕು! ಎಲ್ಲರ ಹುಕ್ಕಿನ ಗಂಟಲು ನೆಟ್ಟಗಿದ್ದರೆ ನಿನ್ನ ಹುಕ್ಕಿನ ಗಂಟಲಿಗೆ ಒಂದು ಗಂಟು. ಇಕ್ಕಳ ಸಾಲದೆ ಕಚ್ಚಿ ನೀನೇ ಬಗ್ಗಿಸಿದ್ದೀ ಎಂದು ಕಾಣುತ್ತದೆ, ತಂತಿಯ ಮೇಲೆ ನಿನ್ನ ಹಲ್ಲಿನ ಗುರುತಿದೆ. ಕುಣಿಕೆ ಆ ಗಂಟನ್ನು ದಾಟುವಾಗ ‘ಟಕ್’ ಎನ್ನುತ್ತದೆ. ದಾಟಿದ ಮೇಲೆ ಹಿಂದೆ ಬರುವುದಿಲ್ಲ. ಪಕ್ಕದ ಹುಕ್ಕು ಹಾಕಿದರೂ ಬರುವುದಿಲ್ಲ, ಕೆಮ್ಮಿದರೂ ಬರುವುದಿಲ್ಲ, ಬೈದರೂ ಬರುವುದಿಲ್ಲ. ಜೇವರ್ಗಿಯ ನೆಂಟರ ಹಾಗೆ, ಹೆಬ್ಬೆರಳಿನಿಂದ ಬೆನ್ನು ಒತ್ತಿ ಮುಂದೆ ನೂಕಿದರೆ ಮಾತ್ರ ಹೊರಡುತ್ತದೆ.

ಇದೂ ಒಂದು ಹುಕ್ಕೇ? ಆ ‘ಟಕ್’ ಎಂಬ ಸದ್ದು ಎಷ್ಟು ಅಸಭ್ಯ! ಬಣ್ಣವಂತೂ ನೋಡಲಾಗದು. ಕೊರಳಿನ ಕತ್ತರಿಕೆಯೋ, ಬಾವಿಯ ದಡ. ಆದ್ದರಿಂದ ಅದನ್ನು ಪತ್ರದ ಜೊತೆಯ ಈ ಬಟ್ಟೆಗಂಟಿನಲ್ಲಿ ಕಟ್ಟಿ ವಾಪಸು ಕಳಿಸಿದ್ದೇನೆ. ನಿನ್ನ ಅಂಗಡಿಯ ಗಾಜಿನಲ್ಲಿ ತೂಗುಹಾಕು, ಕಾಗೆಗಳು ಹೆದರಲಿ.

ಕೊನೆಯದಾಗಿ ಅಫಜಲಪುರದ ಗುರಣ್ಣನ ಸುದ್ದಿ. ಅವತ್ತು ಟೆಂಟಿನಲ್ಲಿ ನೆಲದ ಮೇಲೆ ಕೂತು ಬಾಯಿ ತೆರೆದು ನನ್ನನ್ನು ನೋಡಿದ ಹುಡುಗರಲ್ಲಿ ಇವನೊಬ್ಬ. ಈಗ ಹೊಟ್ಟೆ ಬಂದಿದೆ, ಒಂದು ಕಲಾ ಸಂಘಕ್ಕೆ ಅಧ್ಯಕ್ಷನಾಗಿದ್ದಾನೆ. ಶ್ರಾವಣ ಮುಗಿಯುವುದರೊಳಗೆ ನನಗೆ ಸನ್ಮಾನ ಮಾಡುತ್ತಾನಂತೆ. ಶಾಲು, ಹಾರ, ಬುಟ್ಟಿ ಹಣ್ಣು. ಸತ್ತವರಿಗೂ ಮುದುಕಿಯರಿಗೂ ಒಂದೇ ಸಾಮಾನು. ಇರಲಿ ಎಂದು ಕೇಳುತ್ತಿದ್ದೆ. “ಬಾಯಾರ, ಭಾಷಣ ಏನೂ ಬ್ಯಾಡ್ರಿ. ಒಂದ್ ಸಲ ಆ ಕೈ ಎದಿಮ್ಯಾಲ ಇಟ್ಟು ಶಾಪದ ಮಾತು ಹೇಳ್ರಿ, ಜನ ಧನ್ಯ ಆಗ್ತಾರ” ಎಂದ. ಆಮೇಲೆ ಅವನ ಕಣ್ಣು ನನ್ನ ಮಡಿಲಲ್ಲಿ ಬಿದ್ದಿದ್ದ ಬಲಗೈಯ ಮೇಲೆ ಹೋಯಿತು. ಸ್ವಲ್ಪ ಹೊತ್ತು ಲೆಕ್ಕ ಹಾಕಿದ. “ಅದಕ್ಕೇನ್ರಿ, ಯಾರರ ಎತ್ತಿ ಇಡ್ತಾರ” ಎಂದ.

ಎತ್ತಿ ಇಡುತ್ತಾರಂತೆ! ಮುಂಜಾನೆ ಸೊಸೆ ಹುಕ್ಕು ಹಾಕಿ ಕಳಿಸಬೇಕು, ಸಂಜೆ ಗುರಣ್ಣ ಕೈ ಎತ್ತಿ ಎದೆಗೆ ಅಂಟಿಸಬೇಕು, ನಡುವೆ ನಾನು ಬಾಯಿ ಮಾತ್ರ ಆಡಿಸಬೇಕು. ಸುಂದರಬಾಯಿ ಗೊಂಬೆಯಾಟಕ್ಕೆ ಇಳಿದಿಲ್ಲ. ನನ್ನ ಜಂಪರು ನಾನೇ ತೊಟ್ಟು ಹೊರಡುವಂತಾದರೆ ಬರುತ್ತೇನೆ, ಇಲ್ಲವಾದರೆ ನಿನ್ನ ಶಾಲನ್ನು ನೀನೇ ಹೊದ್ದುಕೋ ಎಂದು ಹೇಳಿ ಕಳಿಸಿದೆ. ಚಹಾ ಕುಡಿಯದೇ ಹೋದ. ಒಳ್ಳೆಯದು, ಸಕ್ಕರೆ ಉಳಿಯಿತು.

ನೀನು ಬಗ್ಗಿಸಿದ ತಂತಿ ಬಗ್ಗಿಸಿದ್ದೇ ಬಂತು, ನಾನು ಹೋಗುತ್ತಿಲ್ಲ ಎಂದು ತಿಳಿದುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಂತಿಯನ್ನು ಹಲ್ಲಿನಿಂದ ಬಗ್ಗಿಸಬೇಡ. ಹಲ್ಲು ಹೋದರೆ ಅದಕ್ಕೆ ನಿನ್ನ ಅಂಗಡಿಯಲ್ಲಿ ಹೊಲಿಗೆ ಇಲ್ಲ.

ಇಂತಿ, ಯಾರ ಕೈಗೂ ಕಾಯದ, ಯಾರ ಹೊಗಳಿಕೆಗೂ ಬಾಗದ
ನಿನ್ನ ಅವ್ವ
ಸುಂದರಬಾಯಿ
(ಎಡಗೈಯ ಹೆಬ್ಬೆಟ್ಟು)

ತಾಜಾ ಕಲಂ:

ಅಕ್ಕಾವ್ರೇ, ಇದನ್ನು ಬರೆಯುತ್ತಿರುವುದು ನಾನು, ಮಹಾನಂದಾ. ಅತ್ತಿಯವರು ಹಿತ್ತಲಿಗೆ ಹೋಗಿದ್ದಾರೆ, ಬರುವುದರೊಳಗೆ ಪಾಕೀಟು ಅಂಟಿಸಬೇಕು.

ಗಂಟು ಬಿಚ್ಚಿದ ಮೇಲೆ ನಿಮ್ಮ ಬೂದಿ ಬಣ್ಣದ ಜಂಪರನ್ನು ಹುಡುಕಬೇಡಿರಿ. ಅದು ಅದರಲ್ಲಿ ಇಲ್ಲ. ಅತ್ತಿಯವರ ಮೈಮೇಲೆ ಇದೆ. ಬಂದ ದಿನದಿಂದ ಬಿಟ್ಟಿಲ್ಲ, ರಾತ್ರಿ ಒಗೆದು ಫ್ಯಾನಿನ ಕೆಳಗೆ ಒಣಗಿಸಿ ಮತ್ತೆ ಅದನ್ನೇ ತೊಡುತ್ತಾರೆ. ಗಂಟಿನಲ್ಲಿರುವುದು ಅವರ ಟ್ರಂಕಿನೊಳಗಿನ ಕೆಂಪು ಜರಿ ಬಟ್ಟೆ, ರಾಣಿ ಪಾತ್ರದ್ದು. ಯಾಕೆ ಎಂದು ಕೇಳಿದರೆ, “ಪರದಾ ಏಳೂ ಮೊದ್ಲ ಒಳಗಿನ ಮಾತು ಹೊರಗ ಹೇಳಬಾರ್ದು, ನೀ ಸುಮ್ನ ಗಂಟು ಕಟ್ಟು” ಎಂದರು. ನೀವು ಅದರಲ್ಲಿ ಒಂದು ಜಂಪರು ಹೊಲಿದು, ಇದೇ ಹುಕ್ಕು, ಇದೇ ಬಾಲ, ಇದೇ ಉಂಗುರ ಹಚ್ಚಿ ಬೇಗ ಕಳಿಸಿರಿ. ಕೊರಳು ಮಾತ್ರ ಸ್ವಲ್ಪ ಮೇಲಿರಲಿ.

ಗುರಣ್ಣನವರಿಗೆ ನಿನ್ನೆಯೇ ನಿಮ್ಮ ತಮ್ಮನಿಂದ ಫೋನ್ ಮಾಡಿಸಿ ಬರುತ್ತೇನೆ ಎಂದಿದ್ದಾರೆ.

ನಿಮ್ಮ ಜಂಪರು ಬಂದ ಮರುದಿನ ಮುಂಜಾನೆ ಎಂದಿನಂತೆ ಹಾಲು ಒಲೆಯ ಮೇಲಿಟ್ಟು ಹುಕ್ಕು ಹಾಕಲು ಹೋದೆ. ಒಳಗಿನಿಂದ ಚಿಲಕ ಹಾಕಿತ್ತು. ಟಕ್, ಟಕ್ ಎಂದು ಕೇಳಿಸಿತು. ಬಾಗಿಲು ತೆಗೆದವರು ನನಗೆ ಬೆನ್ನು ಮಾಡಿ ಕೂತು ಬಾಚಣಿಗೆ ಕೊಟ್ಟರು. “ಎದಿ ನನ್ನದು, ಜಡಿ ನಿನ್ನದು. ಹುಲ್ಲಿನ ಹಗ್ಗ ಹೊಸದಂಗ ಹೊಸೀಬ್ಯಾಡ” ಎಂದರು. ಅಲ್ಲಿಯವರೆಗೆ ನನಗೆ ಅವರು ತಲೆ ಮುಟ್ಟಲು ಕೊಟ್ಟಿರಲಿಲ್ಲ ಅಕ್ಕಾವ್ರೇ. ಹಾಲು ಉಕ್ಕಿ ಹೋಯಿತು, ಬೈಯಲಿಲ್ಲ.

ಜಡೆ ಹಾಕಿಸಿಕೊಂಡು ಎದ್ದು, ಕನ್ನಡಿಯ ಮುಂದೆ ನಿಂತು ಆ ಶಾಪದ ಮಾತನ್ನು ಪೂರ್ತಿ ಹೇಳಿದರು. ಓಣಿಯ ಜನ ಬಾಗಿಲಿಗೆ ಬಂದರು. ಅಷ್ಟು ಉಸಿರು ತುಂಬಿಕೊಂಡರೂ ಒಂದು ಹುಕ್ಕೂ ಅಲುಗಲಿಲ್ಲ, ನಾನು ಹತ್ತಿರವೇ ನಿಂತು ನೋಡಿದ್ದೇನೆ. “ಅತ್ತಿ, ಕೈ ಎದಿಮ್ಯಾಲ ಇಡ್ಲಿಲ್ಲ ನೀವು” ಎಂದೆ.

“ಯಾಕ ಇಡ್ಲಿ?” ಎಂದರು. ಎಡಗೈ ಇನ್ನೂ ಮೇಲಕ್ಕೇ ಎತ್ತಿಕೊಂಡಿದ್ದರು.