ಕನ್ನಡಿ ಕೋಣೆಯಲ್ಲಿ ಕರೆದ ಹೆಸರು

ಮೇ ೧೧, ಭಾನುವಾರ

ಪ್ರೀತಿಯ ಕತ್ತರಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಇವಳಿಗೆ ಎರಡು ಸಾಲು ಗೀಚಲು ಏನು ಧಾಡಿ ಎಂದು ಬೈದುಕೊಳ್ಳುತ್ತಿರುತ್ತೀ. ಬೈದುಕೋ, ನನಗೆ ತಕ್ಕದ್ದೇ. ಮಂಡಿ ನೋವು ಹೇಗಿದೆ? ಹೊಸ ಮನೆಯ ಮೆಟ್ಟಿಲು ಕಡಿದು ಎಂದು ಬರೆದಿದ್ದೆ, ಹಿಡಿದುಕೊಂಡು ಹತ್ತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇವರು ಬೆಳಗಾದರೆ ಯಾವುದಾದರೂ ಕಟ್ಟಡದ ಲಿಫ್ಟು ರಿಪೇರಿಗೆ ಹೊರಡುತ್ತಾರೆ, ಸಂಜೆ ಮೈಯೆಲ್ಲ ಗ್ರೀಸು ಮಾಡಿಕೊಂಡು ಬರುತ್ತಾರೆ. ಸ್ಟುಡಿಯೋದಲ್ಲಿ ನಿನ್ನ ಕುರ್ಚಿ ಇದ್ದ ಜಾಗದಲ್ಲಿ ಈಗ ಪ್ರಿಂಟರ್ ಕೂತಿದೆ. ಅದು ನಿನ್ನಷ್ಟು ಮಾತಾಡುವುದಿಲ್ಲ, ಆದರೆ ಮುನಿಸಿಕೊಳ್ಳುವುದರಲ್ಲಿ ನಿನಗಿಂತ ಏನೂ ಕಡಿಮೆಯಿಲ್ಲ.

ಕೆಲಸ ಮಾತ್ರ ಅದೇ. ಜನರ ಮನೆಯ ಫೋಟೋಗಳಲ್ಲಿ ಇಲ್ಲದವರನ್ನು ತಂದು ನಿಲ್ಲಿಸುವುದು. ಮೊನ್ನೆ ಒಬ್ಬಾಕೆ ತೀರಿಹೋದ ಅಪ್ಪನನ್ನು ತನ್ನ ಮದುವೆಯ ಫೋಟೋದಲ್ಲಿ ಸೇರಿಸಿಕೊಡಿ ಎಂದಳು. ಮೊದಲಾದರೆ ನೀನು ಕತ್ತರಿಸಿಕೊಡುತ್ತಿದ್ದೆ, ನಾನು ಅಂಚು ಒರೆಸಿ ಕೂರಿಸುತ್ತಿದ್ದೆ. ಅದಕ್ಕೇ ಅಲ್ಲವೇ ಸ್ಟುಡಿಯೋದ ಯಜಮಾನರು ನಮಗೆ ಕತ್ತರಿ, ರಬ್ಬರು ಎಂದು ಹೆಸರಿಟ್ಟದ್ದು. ಈಗ ಎರಡೂ ಕೆಲಸ ಕಂಪ್ಯೂಟರಿನಲ್ಲಿ ನಾನೇ ಮಾಡುತ್ತೇನೆ. ವಯಸ್ಸಾದರೆ ಮುಖ ಬದಲಾಗುತ್ತದೆ, ಗುರುತು ಹಿಡಿಯಬೇಕಾದರೆ ಕಿವಿ ನೋಡಿ ಎಂದು ಅವರು ಹೇಳಿಕೊಟ್ಟದ್ದು ಇವತ್ತಿಗೂ ಅನ್ನ ಹಾಕುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮಗಳಿಗೆ ಎರಡು ಕಲಾಶಾಲೆಗಳಲ್ಲಿ ಪದವಿಗೆ ಸೀಟು ಸಿಕ್ಕಿದೆ. ಈ ತಿಂಗಳ ಕೊನೆಯೊಳಗೆ ಒಂದಕ್ಕೆ ಒಪ್ಪಿಗೆ ಕಳಿಸಿ ಇನ್ನೊಂದನ್ನು ಬಿಡಬೇಕು. ಒಂದು ಹಳೆಯ ಶಾಲೆ, ಅಲ್ಲಿ ಚಿತ್ರಕಲೆ. ಮುಖಚಿತ್ರಕ್ಕೆ ಅದನ್ನು ಮೀರಿಸುವವರಿಲ್ಲ ಎನ್ನುತ್ತಾರೆ. ಇನ್ನೊಂದು ಊರಾಚೆಯ ಹೊಸ ಶಾಲೆ. ಅಲ್ಲಿ ಇವಳಿಗೆ ಕೊಟ್ಟಿರುವುದು ಮಣ್ಣಿನ ಕೆಲಸ, ಅಂದರೆ ಬಟ್ಟಲು ಹೂಜಿ ಮಾಡಿ ಸುಡುವುದು. ಇಷ್ಟು ಚೆನ್ನಾಗಿ ಮುಖ ಬರೆಯುವ ಹುಡುಗಿ ಮಣ್ಣಿನ ಶಾಲೆಗೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಯಾಕೆ ಎಂದರೆ "ಅಲ್ಲಿ ಮುಖ ಬರೀಬೇಕಾಗಿಲ್ಲ" ಎನ್ನುತ್ತಾಳೆ. ಅದೂ ಒಂದು ಕಾರಣವೇ?

ಇವಳು ಗುಂಡನ ಚಿತ್ರ ಬರೆಯುವುದು ನಿನಗೆ ಗೊತ್ತಲ್ಲ. ನೀನು ಅವನನ್ನು ಎತ್ತಿ ಆಡಿಸಿದವಳು. ನನ್ನ ಇಬ್ಬರು ಮಕ್ಕಳೂ ಒಟ್ಟಿಗೆ ಹುಟ್ಟಿದರು, ನಾಲ್ಕು ತುಂಬುವ ಮೊದಲೇ ಜ್ವರ ಅವನನ್ನು ಕರೆದುಕೊಂಡು ಹೋಯಿತು. ಫೋಟೋ ಅಂಗಡಿಯಲ್ಲಿ ಕೆಲಸ ಮಾಡುವವಳ ಮನೆಯಲ್ಲಿ ಮಗನದೊಂದು ನೆಟ್ಟಗಿನ ಫೋಟೋ ಇಲ್ಲ. ಒಂದು ಗಳಿಗೆ ಕೂತಿದ್ದರೆ ತಾನೇ? ಇರುವ ಒಂದರಲ್ಲೂ ತಲೆ ತಿರುಗಿಸಿ ಮುಖ ಕಲಸಿಹೋಗಿದೆ. ಒಂದು ಹುಟ್ಟುಹಬ್ಬದ ದಿನ ನಾನು ಅಡುಗೆಮನೆಯಲ್ಲಿ ಅಳುತ್ತ ಕೂತಿದ್ದಾಗ ಇವಳು, ಆಗಿನ್ನೂ ಪುಟ್ಟವಳು, ಒಂದು ಹಾಳೆ ತಂದುಕೊಟ್ಟಳು. "ಗುಂಡ ಈಗ ಹಿಂಗಿರ್ತಿದ್ದ" ಎಂದಳು. ನೋಡಿದರೆ ಅಷ್ಟು ಜೀವಂತ. ಅಲ್ಲಿಂದ ವರ್ಷಕ್ಕೊಂದು ಬರೆಸಿಕೊಳ್ಳುತ್ತಾ ಬಂದೆ.

ಈಗ ಅವೆಲ್ಲ ನಡುಮನೆಯ ಗೋಡೆಯ ಮೇಲೆ ಸಾಲಾಗಿವೆ. ಬಾಗಿಲ ಹತ್ತಿರ ಹಲ್ಲು ಬಿದ್ದ ಹುಡುಗ, ಕಿಟಕಿಯ ಹತ್ತಿರ ಮೀಸೆ ಚಿಗುರುತ್ತಿರುವವನು. ಬಂದವರು "ಮಗ ಎಲ್ಲಿ ಓದ್ತಿದಾನೆ?" ಎಂದರೆ "ಹೊರಗಡೆ" ಎಂದುಬಿಡುತ್ತೇನೆ. ಸುಳ್ಳೂ ಅಲ್ಲವಲ್ಲ. ದಿನಾ ಧೂಳು ಹೊಡೆಯುವಾಗ ಎರಡು ಮಾತಾಡುತ್ತೇನೆ. ಇವರು ಮಾತ್ರ ಆ ಗೋಡೆಯ ಕಡೆ ತಲೆಯೆತ್ತುವುದಿಲ್ಲ. ಮಗಳ ಚಿತ್ರಗಳಲ್ಲಿ ಇರುವುದು ಒಂದೇ ಕುಂದು: ಕಿವಿಯ ಹಾಲೆಯ ಮೇಲೆ ಪ್ರತಿ ಸಲವೂ ಒಂದು ಕೊಳಕು ಚುಕ್ಕೆ ಬಿಟ್ಟಿರುತ್ತಾಳೆ. ಅಷ್ಟು ಹೇಳಿದರೂ ಕೈ ಶುದ್ಧವಿಲ್ಲ. ಚೌಕಟ್ಟು ಹಾಕಿಸುವ ಮೊದಲು ನಾನೇ ಒರೆಸಿ ಸರಿಮಾಡುತ್ತೇನೆ. ನನ್ನ ಹೆಸರೇ ಅದಲ್ಲವೇ.

ಹಳೆಯ ಶಾಲೆ ಇವಳನ್ನು ಕರೆದದ್ದೂ ಆ ಚಿತ್ರಗಳನ್ನು ನೋಡಿಯೇ. ಹೋದ ವಾರ ಶಾಲೆ ನೋಡಿಬರಲು ಇಬ್ಬರೂ ರೈಲು ಹತ್ತಿದೆವು. ದೊಡ್ಡ ಕಟ್ಟಡ, ಒಳಗೆ ಹೋದರೆ ಹೊರಗಿನ ಸದ್ದೇ ಇಲ್ಲ. ಕೋಣೆಗಳ ನಡುವಿನ ಓಣಿಯ ಎರಡೂ ಕಡೆ ಹಲಗೆಗಳ ಮೇಲೆ ಗಾರೆಯ ತಲೆಗಳು, ರಜೆಯೆಂದು ಎಲ್ಲಕ್ಕೂ ಬಟ್ಟೆ ಮುಚ್ಚಿದ್ದರು. ಯಾರಾದರೂ ನಡೆದರೆ ಗಾಳಿಗೆ ಆ ಬಟ್ಟೆಗಳು ಒಳಗಿನಿಂದ ಉಸಿರಾಡಿದ ಹಾಗೆ ಅಲುಗುತ್ತಿದ್ದವು.

ಒಳಗೆ ಹೋಗುವ ಮೊದಲೇ ಗೇಟಿನ ಹತ್ತಿರ ನನ್ನ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಮಗಳು ಮುಂದೆ ಹೋದಳು. ನಾನು ಅದಕ್ಕೊಂದು ಪಿನ್ನು ಚುಚ್ಚಿಕೊಂಡು ಬಾಗಿಲಿಗೆ ಬಂದರೆ ಅಲ್ಲಿ ಕೂತಿದ್ದ ಮನುಷ್ಯ ಹೇಳಿದ: "ಹೋಗಿ ಅಮ್ಮ, ನಿಮ್ಮ ಮಗ ಆಗ್ಲೇ ಮೇಲೆ ಹೋದ." ಮಗ ಎಂದ, ಕತ್ತರಿ. ನಾನು ತಿದ್ದಲಿಲ್ಲ. ಮೆಟ್ಟಿಲು ಹತ್ತಿದೆ.

ಮೇಲೆ ಮುಖಚಿತ್ರ ಕಲಿಸುವ ಮೇಷ್ಟ್ರು ಸಿಕ್ಕರು. ಒಳ್ಳೆಯ ಮನುಷ್ಯ, ನಾನು ಚಿತ್ರ ಬರೆಯುವ ಹುಡುಗಿಯ ತಾಯಿ ಎಂದ ಕೂಡಲೇ ಕುರ್ಚಿ ಎಳೆದು ಕೂರಿಸಿದರು. "ಅವಳು ಬರ್ದಿರೋ ಆ ಹುಡುಗನ್ನೂ ಕರ್ಕೊಂಡು ಬಂದಿದೀರಲ್ಲ, ಒಳ್ಳೇದಾಯ್ತು. ಈಗ ತಾನೇ ಓಣೀಲಿ ಹೋದ. ಚಿತ್ರದಲ್ಲಿರೋ ಹಾಗೇ ಇದಾನೆ" ಎಂದರು. "ಯಾವ ಕಡೆ ಹೋದ?" ಎಂದು ಕೇಳಿದೆ. ಅವರು ಓಣಿಯ ಕೊನೆಯ ಕೋಣೆ ತೋರಿಸಿದರು.

ಅದು ಕನ್ನಡಿ ಕೋಣೆ. ಮಕ್ಕಳು ತಮ್ಮ ಮುಖವನ್ನು ತಾವೇ ನೋಡಿ ಬರೆಯಲಿ ಎಂದು ಆಳೆತ್ತರದ ಕನ್ನಡಿಗಳನ್ನು ಗಾಲಿಯ ಮೇಲೆ ನಿಲ್ಲಿಸಿದ್ದಾರೆ. ಒಂದಕ್ಕೊಂದು ಮರೆಯಾಗಿ, ಒಂದು ಇನ್ನೊಂದರೊಳಗೆ ಕಾಣುತ್ತ ನಿಂತಿವೆ. ಬಾಗಿಲಲ್ಲಿ ನಿಂತು ನೋಡಿದೆ. ಅವುಗಳೊಳಗೆ ಗುಂಡ ನಿಂತಿದ್ದ. ಇದ್ದಿಲ ಧೂಳು ಹತ್ತದಿರಲೆಂದು ಆ ಶಾಲೆಯವರು ಒಳಗೆ ಹೋಗುವ ಮಕ್ಕಳಿಗೆ ಬಾಗಿಲಲ್ಲೇ ಕೊಡುವ ನೀಲಿ ಮೇಲಂಗಿ, ನೀಲಿ ಟೋಪಿ. ಕಿಟಕಿಯ ಕಡೆ ಮುಖ ಮಾಡಿ, ಒಂದು ಭುಜ ತಗ್ಗಿಸಿ ನಿಂತಿದ್ದ. ಗೋಡೆಯ ಮೇಲಿನ ಕೊನೆಯ ಚಿತ್ರದಲ್ಲಿ ಹೇಗಿದ್ದಾನೋ ಹಾಗೇ.

"ಗುಂಡಾ" ಎಂದೆ.

ಅಷ್ಟೂ ಕನ್ನಡಿಗಳಲ್ಲಿ ಅವನು ಒಟ್ಟಿಗೆ ತಿರುಗಿ ನನ್ನನ್ನು ನೋಡಿದ.

ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಕನ್ನಡಿಗಳನ್ನು ಸುತ್ತಿಕೊಂಡು ಓಡಿದೆ. ಕೊನೆಯಲ್ಲಿ ಮಗಳೊಬ್ಬಳೇ ಇದ್ದಳು, ಟೋಪಿ ಕೈಯಲ್ಲಿ ಹಿಡಿದುಕೊಂಡು ಬಿಳಿಚಿಕೊಂಡು ನಿಂತಿದ್ದಳು. ನೀನು ಕೊಟ್ಟ ಓಲೆಯನ್ನೂ ಹಾಕಿಕೊಳ್ಳದೆ ಬರಿಗಿವಿಯಲ್ಲೇ ತಿರುಗುತ್ತಾಳೆ ಈಗೀಗ, ನೀನಾದರೂ ಹೇಳು. "ಇಲ್ಲಿ ಯಾರಿದ್ರು?" ಎಂದು ಕೇಳಿದೆ. "ಯಾರೂ ಇರ್ಲಿಲ್ಲಮ್ಮ" ಎಂದಳು. ರೈಲಿನಲ್ಲಿ ಊರು ಮುಟ್ಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ನೀನು ಹೇಳಿದರೆ ಕೇಳುತ್ತಾಳೆ. ಹಳೆಯ ಶಾಲೆಯೇ ಒಳ್ಳೆಯದು, ಅಲ್ಲಿಗೇ ಹೋಗು ಎಂದು ಅವಳಿಗೊಂದು ಕಾಗದ ಬರೆ. ನಿನ್ನ ಮನೆಯವರಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ಎಲ್ಲರೂ ತಣ್ಣಗಿರಿ.

ನಿನ್ನ
ರಬ್ಬರು

ತಾ.ಕ.: ಇವರಿಗೂ ಹೇಳದ ಮಾತು ನಿನಗೆ ಹೇಳುತ್ತೇನೆ. ಅವಳು ಆ ಶಾಲೆಗೆ ಸೇರಿದರೆ ನಾನು ಆಗಾಗ ಹೋಗಿಬರಬಹುದು. ಮಗಳನ್ನು ನೋಡಲು ಬಂದೆ ಎಂದರೆ ಯಾರು ತಡೆಯುತ್ತಾರೆ?

ಜೂನ್ ೧, ಭಾನುವಾರ

ಪ್ರೀತಿಯ ಕತ್ತರಿ,

ನಿನ್ನ ಉತ್ತರ ಓದಿ ಸಿಟ್ಟು ಬಂದಿತ್ತು, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಕ್ಷಮಿಸು. "ಮುಖದ ಶಾಲೆ ಅವಳಿಗೆ ಬೇಡ, ನೀನೂ ಆ ಕಡೆ ಇನ್ನೊಮ್ಮೆ ಕಾಲಿಡಬೇಡ" ಎಂದು ಬರೆದಿದ್ದೆ. ನಿನ್ನ ಮಾತು ನನಗೆ ರುಚಿಸಲಿಲ್ಲ. ಕಾಗದವನ್ನು ಮಗಳ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟೆ.

ಆಮೇಲೆ ದಿನಾ ಅವಳ ಬೆನ್ನು ಬಿದ್ದೆ. ಊಟಕ್ಕೆ ಕೂತರೂ ಅದೇ, ಬಟ್ಟೆ ಮಡಿಸುವಾಗಲೂ ಅದೇ. ಅವಳು ಕೇಳಿಸಿಕೊಂಡು ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಇನ್ನೊಂದು ವಿಚಿತ್ರವೂ ಶುರುವಾಯಿತು. ನಡುಮನೆಯ ಗೋಡೆಯ ಮೇಲೆ ಗುಂಡನ ಚಿತ್ರಗಳನ್ನು ಬೆಳಿಗ್ಗೆ ನೋಡಿದರೆ ಒಂದೊಂದಾಗಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದವು. ಮೊದಲು ಹಲ್ಲು ಬಿದ್ದ ಹುಡುಗ, ಆಮೇಲೆ ಅವನ ಪಕ್ಕದವನು. ನಾನು ಸರಿಮಾಡುತ್ತಿದ್ದೆ, ಮತ್ತೆ ತಿರುಗಿರುತ್ತಿದ್ದವು. ಅವನಿಗೆ ನನ್ನ ಮೇಲೆ ಕೋಪ ಬಂದಿದೆ, ಆ ಶಾಲೆಗೆ ಬೇಗ ಬಾ ಎನ್ನುತ್ತಿದ್ದಾನೆ ಎಂದೇ ತಿಳಿದೆ. ನಗಬೇಡ. ಚೌಕಟ್ಟು ಸರಿಮಾಡುವಾಗ ಬರುತ್ತೇನೆ ತಾಳೋ ಎಂದು ಅವನಿಗೆ ಹೇಳುತ್ತಿದ್ದೆ.

ಒಪ್ಪಿಗೆ ಕಳಿಸುವ ಕೊನೆಯ ದಿನ ಹತ್ತಿರ ಬಂತು. ಒಂದು ಸಂಜೆ ತಡೆಯದೆ ಹೇಳಿಬಿಟ್ಟೆ: "ಅಷ್ಟು ದೊಡ್ಡ ಶಾಲೆ ತಾನಾಗಿ ಕರೀತಿದೆ, ಬೇಡ ಅಂತೀಯಲ್ಲ." ಮಗಳು ತಟ್ಟೆ ಬದಿಗಿಟ್ಟಳು. "ಆ ಶಾಲೆ ಕರೆದಿರೋದು ನನ್ನನ್ನಲ್ಲಮ್ಮ, ಅವನನ್ನ. ಅವನನ್ನೇ ಕಳ್ಸು" ಎಂದಳು. ಆಗ ಇವರು ಬಾಯಿ ತೆರೆದರು. ಆ ಗೋಡೆಯ ವಿಷಯಕ್ಕೆ ಇವರು ಬಾಯಿ ತೆರೆದದ್ದು ಅದೇ ಮೊದಲು. "ತಿರುಗಿಸಿ ಹಾಕ್ತಿದ್ದೋನು ನಾನು ಕಣೇ. ಕೆಲಸಕ್ಕೆ ಹೋಗೋವಾಗ ಒಂದೊಂದು. ಅವಳು ದಿನಾ ಆ ಸಾಲು ದಾಟ್ಕೊಂಡು ಓಡಾಡ್ತಾಳಲ್ಲ, ನಂಗೆ ನೋಡಕ್ಕಾಗ್ತಿರ್ಲಿಲ್ಲ. ಅವಳು ಮಣ್ಣಿನ ಶಾಲೆಗೇ ಹೋಗ್ಲಿ" ಎಂದರು. ಮಗಳು ಅಪ್ಪನ ಎದುರಿಗೇ ಮಣ್ಣಿನ ಶಾಲೆಗೆ ಒಪ್ಪಿಗೆ ಕಳಿಸಿದಳು.

ಹೀಗೆ ಒಂದು ಶಾಲೆ ಆಯ್ಕೆಯಾಯಿತು. ಆ ಶಾಲೆಯ ಪ್ರವೇಶ ಪರೀಕ್ಷೆಗೆಂದು ಅವಳು ಮಾಡಿದ್ದ ಒಂದು ಬಟ್ಟಲು ಈಗ ಅಡುಗೆಮನೆಯ ಕಿಟಕಿಯಲ್ಲಿದೆ. ಸ್ವಲ್ಪ ಸೊಟ್ಟಗಿದೆ, ಆದರೆ ಕೈಯಲ್ಲಿ ಹಿಡಿದರೆ ಬೆಚ್ಚಗೆ ಕೂರುತ್ತದೆ. ಅವಳಿಗೆ ನಿನ್ನ ಆಶೀರ್ವಾದ ಇರಲಿ. ನಿನ್ನ ಮಂಡಿ ಬೇಗ ವಾಸಿಯಾಗಲಿ, ನಿನ್ನ ಮನೆ ಮಕ್ಕಳ ಮಾತಿನಿಂದ ತುಂಬಿರಲಿ.

ನಿನ್ನವಳೇ ಆದ
ರಬ್ಬರು

ತಾ.ಕ.: ಮುಚ್ಚಿ ಅಂಟಿಸಿದ್ದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ಹೇಳದಿದ್ದರೆ ಮೇಲೆ ಬರೆದದ್ದೆಲ್ಲ ದಂಡ.

ಒಪ್ಪಿಗೆ ಕಳಿಸಿದ ಮೇಲೂ ನಾನು ಬಿಡಲಿಲ್ಲ. "ಹಾಗಾದ್ರೆ ಕನ್ನಡೀಲಿ ನಾನು ನೋಡಿದ್ದು ಯಾರನ್ನ?" ಎಂದು ಕೇಳಿದೆ. ಮಗಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನನ್ನನ್ನಮ್ಮ. ಟೋಪಿ ಹಾಕ್ಕೊಂಡಿದ್ದೆ ಅಷ್ಟೆ. ನಂಗೆ ಗುಂಡನ ಮುಖ ನೆನಪೇ ಇಲ್ಲ, ಯಾವತ್ತೂ ಇರ್ಲಿಲ್ಲ. ಕನ್ನಡಿ ಮುಂದೆ ಕೂತು ನನ್ನೇ ಬರೀತಿದ್ದೆ, ಕೂದಲು ಮಾತ್ರ ಚಿಕ್ಕದು ಮಾಡ್ತಿದ್ದೆ. ಆಮೇಲಾಮೇಲೆ ಮೀಸೆ. ನಿಂಗೆ ಗೊತ್ತಾಗ್ಲಿ ಅಂತ ಕಿವೀಲಿ ಚುಚ್ಚಿದ ತೂತನ್ನೂ ಬಿಡದೆ ಬರೀತಿದ್ದೆ. ಪ್ರತಿ ವರ್ಷ ನೀನು ಅದನ್ನ ಒರೆಸಿ ಗೋಡೆಗೆ ಹಾಕ್ತಿದ್ದೆ."

ಆಮೇಲೆ ಇನ್ನೊಂದು ಮಾತು ಹೇಳಿದಳು. "ಆವತ್ತು ನೀನು ಅವನ ಹೆಸರು ಕರೆದೆ, ನಾನು ತಿರುಗಿದೆ. ನನ್ನ ನೋಡಿ ನೀನು ಅಷ್ಟು ಖುಷಿಪಟ್ಟಿದ್ದನ್ನ ನಾನು ಯಾವತ್ತೂ ನೋಡಿಲ್ಲ. ಟೋಪಿ ತೆಗೀಬಾರದಾಗಿತ್ತು ಅನ್ನಿಸ್ತು."

ಜಗತ್ತಿನ ಕಿವಿಗಳನ್ನೆಲ್ಲ ಗುರುತು ಹಿಡಿಯುವವಳು ನಾನು, ಕತ್ತರಿ. ಇವತ್ತು ಬೆಳಿಗ್ಗೆ ಎಲ್ಲ ಚಿತ್ರಗಳನ್ನೂ ಚೌಕಟ್ಟಿನಿಂದ ಬಿಡಿಸಿ ಒಂದೊಂದಾಗಿ ಕಿಟಕಿಗೆ ಹಿಡಿದೆ. ಉಜ್ಜಿ ಉಜ್ಜಿ ಕಿವಿಯ ಹತ್ತಿರ ಕಾಗದ ಸವೆದು ತೆಳ್ಳಗಾಗಿದೆ. ಪ್ರತಿಯೊಂದರಲ್ಲೂ ಅಲ್ಲಿಂದ ಬೆಳಕು ಬರುತ್ತದೆ. ಆ ಚುಕ್ಕೆಗಳನ್ನು ಮತ್ತೆ ಇಡೋಣವೆಂದು ಪೆನ್ಸಿಲು ಹಿಡಿದು ಕೂತಿದ್ದೇನೆ. ಸವೆದ ಕಡೆ ಕಾಗದ ಪೆನ್ಸಿಲನ್ನು ಹಿಡಿಯುತ್ತಿಲ್ಲ. ಹೀಗಾದಾಗ ನಾವು ಸ್ಟುಡಿಯೋದಲ್ಲಿ ಏನು ಮಾಡುತ್ತಿದ್ದೆವು, ನಿನಗೇನಾದರೂ ನೆನಪಿದೆಯೇ? ಅವಳು ಹೊರಡುವುದರೊಳಗೆ ತಿಳಿಸು.